ಮೂನ್‌ಲೈಟ್ ಸೊನಾಟಾದ 'ಸೆಂಝಾ ಸೊರ್ಡಿನೊ' ಅಂದ್ರೆ ಯಾವ ಪೆಡಲ್?

ಪ್ರಶ್ನೆ:
ಬೀಥೋವನ್ ಅವರ ಮೂನ್‌ಲೈಟ್ ಸೊನಾಟಾದ ಮೊದಲ ಭಾಗ ಕಲಿಯುತ್ತಿದ್ದೇನೆ. ಇಡೀ ಭಾಗವನ್ನು ತುಂಬಾ ನಾಜೂಕಾಗಿ, 'ಸೆಂಝಾ ಸೊರ್ಡಿನೊ' ನುಡಿಸಬೇಕು ಅಂತ ಇಟಾಲಿಯನ್‌ನಲ್ಲಿ ಮೇಲೆಯೇ ಬರೆದಿದೆ. ಸೆಂಝಾ ಅಂದ್ರೆ 'ಇಲ್ಲದೆ', ವಯಲಿನ್‌ನಲ್ಲಿ ಸೊರ್ಡಿನೊ ಅಂದ್ರೆ ನಾದ ತಗ್ಗಿಸುವ ಮ್ಯೂಟ್ ಅಲ್ವಾ? ಹಾಗಾದರೆ ಎಡಗಡೆಯ ಸಾಫ್ಟ್ ಪೆಡಲ್ ಮುಟ್ಟಬಾರದು ಅಂತಾನಾ?

ಉತ್ತರ 1:
ಅಲ್ಲ, ಇಲ್ಲಿ ಮಾತು ಬಲಗಡೆ ಪೆಡಲ್‌ನದು. ಪಿಯಾನೋ ಮುಚ್ಚಳ ತೆಗೆದು ಆ ಪೆಡಲ್ಲನ್ನು ನಿಧಾನಕ್ಕೆ ಒತ್ತಿ ನೋಡಿ, ತಂತಿಗೆ ಒತ್ತಿಕೊಂಡಿರುವ ಫೆಲ್ಟಿನ ತುಂಡುಗಳೆಲ್ಲ ಒಟ್ಟಿಗೆ ಬಿಟ್ಟುಕೊಳ್ಳುತ್ತವೆ. ನಾದ ನಿಲ್ಲಿಸುವ ಡ್ಯಾಂಪರ್‌ಗಳು ಅವೇ, ಬೀಥೋವನ್ ಇಲ್ಲಿ ಸೊರ್ಡಿನೊ ಅಂದಿದ್ದು ಅವನ್ನೇ. ಅವು ತಂತಿ ಮುಟ್ಟದ ಹಾಗೆ ನುಡಿಸಿ ಅಂತ ಅರ್ಥ. ಮೂರನೇ ಪಿಯಾನೋ ಕನ್ಸರ್ಟೋದಲ್ಲೂ ಹೀಗೇ ಬರೆದಿದ್ದಾರೆ. ಆಮೇಲೆ ವಾಲ್ಡ್‌ಸ್ಟೈನ್ ಸೊನಾಟಾ ಹೊತ್ತಿಗೆ 'ಪೆಡ್' ಅನ್ನೋ ಗುರುತು ಬಂತು. ಎಡಗಡೆ ಪೆಡಲ್ ಬೇಕಿದ್ದಾಗ ಅವರು ಬರೆಯುವುದು 'ಊನಾ ಕೋರ್ಡಾ'.

ಪ್ರಶ್ನೆ ಕೇಳಿದವರು:
ಪೆಡಲ್ ಬಿಡದೆ ನುಡಿಸಿದರೆ ಮೂರನೇ ಬಾರ್‌ಗೇ (ಬಾರ್ ಅಂದ್ರೆ ತಾಳದ ಒಂದು ಸುತ್ತು) ಎಲ್ಲಾ ಕಲಸಿಹೋಗುತ್ತದೆ!

ಉತ್ತರ 2:
ಹೋಗೇ ಹೋಗುತ್ತದೆ. ಇದು 1801ರ ರಚನೆ, ಆಗಿನ ವಿಯೆನ್ನಾ ಪಿಯಾನೋಗಳಲ್ಲಿ ನಾದ ಬೇಗ ಇಳಿಯುತ್ತಿತ್ತು, ಹಾಗಾಗಿ ಹಿಂದಿನ ಸ್ವರ ತೆಳುವಾಗಿ ಉಳಿಯುತ್ತಿತ್ತು ಅಷ್ಟೇ. ಈಗಿನ ಪಿಯಾನೋದ ನಾದ ತುಂಬಾ ಹೊತ್ತು ನಿಲ್ಲುತ್ತದೆ. ಎಡಗೈಯ ಬಾಸ್, ಅಂದರೆ ತಗ್ಗಿನ ಸ್ವರ ನೋಡಿ: ಮೊದಲ ಬಾರ್‌ನಲ್ಲಿ ಸಿ ಶಾರ್ಪ್, ಎರಡನೆಯದರಲ್ಲಿ ಬಿ, ಮೂರನೆಯದರಲ್ಲಿ ಅರ್ಧಕ್ಕೆ ಎ, ಇನ್ನರ್ಧಕ್ಕೆ ಎಫ್ ಶಾರ್ಪ್. ಬಾಸ್ ಬದಲಾದಾಗಲೆಲ್ಲ ಪೆಡಲ್ ಬದಲಿಸಿ, ಆದರೆ ಕಾಲನ್ನು ಪೂರ್ತಿ ಎತ್ತಬೇಡಿ, ಅರ್ಧ ಮಾತ್ರ ಬಿಟ್ಟು ಮತ್ತೆ ಒತ್ತಿ. ಹಳೇ ಸ್ವರದ ಗುಂಗು ಸ್ವಲ್ಪ ಉಳಿಯಲಿ, ಈ ಭಾಗದ ಜೀವ ಇರೋದೇ ಅಲ್ಲಿ. ನಿಮ್ಮದು ಕೀಬೋರ್ಡ್ ಆಗಿದ್ದರೆ ಒಂದು ಮಾತು, ಅಗ್ಗದ ಪೆಡಲ್‌ಗಳು ಬರೀ ಸ್ವಿಚ್ ಇದ್ದ ಹಾಗೆ, ಅರ್ಧ ಒತ್ತಿದ್ದು ಅವಕ್ಕೆ ಗೊತ್ತೇ ಆಗುವುದಿಲ್ಲ.

ಉತ್ತರ 3:
ಪೆಡಲ್ ಒಮ್ಮೆಯೂ ಬಿಡದೆ ನುಡಿಸುವವರೂ ಇದ್ದಾರೆ. ಪಿಯಾನೋ ವಾದಕ ಆಂದ್ರಾಷ್ ಶಿಫ್ ಈಗಿನ ಪಿಯಾನೋದಲ್ಲೂ ಬೀಥೋವನ್ ಬರೆದಂತೆಯೇ ನುಡಿಸಬೇಕು ಅನ್ನುತ್ತಾರೆ. ಪೆಡಲ್ಲನ್ನು ತುಂಬಾ ಹಗುರವಾಗಿ ಒತ್ತಿಟ್ಟು, ಮೆಲ್ಲಗೆ ನುಡಿಸಿದರೆ ಮಾತ್ರ ಇದು ಒಗ್ಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. 'ಅಡಾಜಿಯೊ ಸೊಸ್ಟೆನೂಟೊ' (ನಿಧಾನವಾಗಿ, ಸ್ವರ ಹಿಡಿದು) ಅಂತ ಇರೋದು ನೋಡಿ ಜನ ಜಾಸ್ತಿ ಎಳೆಯುತ್ತಾರೆ. ತಾಳದ ಜಾಗದಲ್ಲಿ 'ಸಿ' ಅಕ್ಷರಕ್ಕೆ ಗೀಟು ಹಾಕಿದೆ, ಅಂದರೆ ಬಾರ್‌ಗೆ ಎರಡೇ ಪೆಟ್ಟು, ನಾಲ್ಕಲ್ಲ. ಎರಡಾಗಿ ಎಣಿಸಿ ನುಡಿಸಿ, ನಡೆ ತಾನಾಗಿ ಮುಂದಕ್ಕೆ ಸಾಗುತ್ತದೆ, ಪೆಡಲ್‌ನಲ್ಲಿ ಸ್ವರಗಳು ಗುಡ್ಡೆ ಬೀಳುವುದೂ ಕಮ್ಮಿಯಾಗುತ್ತದೆ.