ಚಿಕ್ಕಪ್ಪನ ಪಾದದ ಕೆಲಸವನ್ನು ಕಣ್ಣು ಮಾಡುತ್ತಿದೆ

ಚಿಕ್ಕಮ್ಮ, ನಿಮ್ಮ ಸಂದೇಶವನ್ನು ಎರಡು ಸಲ ಕೇಳಿದೆ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಕೆಟ್ಟಿವೆ ಎಂದು ವೈದ್ಯರು ಹೇಳಿದ್ದಾರೆ, ಆದರೆ ಚಿಕ್ಕಪ್ಪ ಚೆನ್ನಾಗಿಯೇ ನಡೆಯುತ್ತಾರೆ, ಬೇಸಿನ್ ಮುಂದೆ ಮುಖ ತೊಳೆಯುವಾಗ ಮಾತ್ರ ಮುಂದಕ್ಕೆ ವಾಲುತ್ತಾರೆ, ತಲೆಸುತ್ತಿರಬೇಕು ಎಂದಿರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಮುಖಕ್ಕೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚುತ್ತೇವಲ್ಲ, ಗುಟ್ಟು ಅಲ್ಲಿದೆ.

ನಿಂತಾಗ ನಮ್ಮ ಮೈ ಯಾವಾಗಲೂ ಒಂದಿಷ್ಟು ಓಲಾಡುತ್ತಲೇ ಇರುತ್ತದೆ. ಭಾರ ಹಿಮ್ಮಡಿಗೆ ಬಿತ್ತೋ ಬೆರಳಿಗೆ ಬಿತ್ತೋ ಎಂದು ಅಂಗಾಲು, ಹರಡು ಸುದ್ದಿ ಕಳುಹಿಸುತ್ತವೆ. ಮೀನಖಂಡ ತಕ್ಷಣ ಬಿಗಿದು ಸರಿಪಡಿಸುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಮೊದಲು ಪೆಟ್ಟು ಬೀಳುವುದು ಅತಿ ಉದ್ದದ ನರಗಳಿಗೆ, ಅಂದರೆ ಕಾಲ್ಬೆರಳಿಗೆ ಹೋಗುವ ನರಗಳಿಗೆ. ಸುದ್ದಿ ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಕಿವಿಯೊಳಗಿನ ಸಮತೋಲನದ ಅಂಗ ಇದ್ದೇ ಇದೆ, ಆದರೆ ಹೆಚ್ಚಿನ ಹೊರೆ ಹೊರುವುದು ಕಣ್ಣು. ರೆಪ್ಪೆ ಮುಚ್ಚಿದರೆ ಆ ಆಸರೆಯೂ ಹೋಯಿತು. ನನಗೆ ವಿಟಮಿನ್ ಬಿ12 ಕೊರತೆಯಾಗಿ ಪಾದದ ನರಗಳು ಸೊರಗಿದ್ದಾಗ, ತಲೆಗೆ ಶಾಂಪೂ ಹಚ್ಚಿ ಕಣ್ಣು ಮುಚ್ಚಿದೊಡನೆ ನೆಲವೇ ಜಾರಿದಂತಾಗಿ ನಲ್ಲಿಯನ್ನು ತಬ್ಬಿಕೊಂಡಿದ್ದೆ! ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

ಅವರು ಕಾಲು ಅಗಲಿಸಿ, ಮಂಡಿ ಬಿಗಿದು, ನೆಲ ನೋಡುತ್ತಾ ನಿಲ್ಲುತ್ತಾರೆ ಎಂದು ಬೈಯಬೇಡಿ. ನೆಲ ಎಲ್ಲಿದೆ ಎಂದು ಪಾದ ಹೇಳದಿದ್ದರೆ ಕಣ್ಣೇ ನೋಡಬೇಕಲ್ಲವೇ? ಪಾದ ಜೋಡಿಸಿ ಕಣ್ಣು ಮುಚ್ಚಿಸಿ ನಿಲ್ಲಿಸುವ ರೋಂಬರ್ಗ್ ಪರೀಕ್ಷೆಯನ್ನು ವೈದ್ಯರೇ ಮಾಡಲಿ, ಮನೆಯಲ್ಲಿ ಬೇಡ.

ಮುಖ ತೊಳೆಯುವಾಗ ಒಂದು ಕೈ ಬೇಸಿನ್ ಅಂಚಿನ ಮೇಲಿರಲಿ. ಭಾರ ಊರಬೇಕೆಂದೇನೂ ಇಲ್ಲ, ಬೆರಳ ತುದಿ ತಾಗಿದರೂ ಓಲಾಟ ಎಷ್ಟೋ ಕಡಿಮೆಯಾಗುತ್ತದೆ. ಪಾದ ಕೊಡದ ಸುದ್ದಿಯನ್ನು ಬೆರಳು ಕೊಡುತ್ತದೆ. ಮೆತ್ತಗೆ ದಪ್ಪಗಿರುವ ಚಪ್ಪಲಿ ಸುಖ ಎನಿಸಿದರೂ ಇವರಿಗೆ ಶತ್ರು, ಉಳಿದಿರುವ ಸ್ಪರ್ಶವನ್ನೂ ಮರೆಸುತ್ತದೆ. ಹಾಗೆಂದು ಬರಿಗಾಲೂ ಬೇಡ, ಗಾಯವಾದರೆ ಗೊತ್ತಾಗುವುದಿಲ್ಲ. ತೀರಾ ಮೆತ್ತಗಲ್ಲದ ಅಟ್ಟೆಯದು, ಹಿಮ್ಮಡಿ ಹಿಡಿದುಕೊಳ್ಳುವಂಥದ್ದು ಕೊಡಿಸಿ. ರಾತ್ರಿ ಶೌಚಾಲಯದ ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರೆ ಬಿ12 ಪರೀಕ್ಷೆಯ ಬಗ್ಗೆ ಕೇಳಿ, ಆ ಮಾತ್ರೆಯಿಂದ ಅದು ಇಳಿಯುವುದುಂಟು.

ಅಂದಹಾಗೆ, ಹಾಸಿಗೆಯಿಂದ ಎದ್ದು ನಿಂತೊಡನೆ ಕಣ್ಣು ಕತ್ತಲಿಡುತ್ತದೆಯೇ ಎಂದು ಅವರನ್ನೇ ಕೇಳಿ ನೋಡಿ. ಅದು ಎದ್ದಾಗ ರಕ್ತದೊತ್ತಡ ಇಳಿಯುವುದರಿಂದ ಇರಬಹುದು. ಹಾಗಿದ್ದರೆ ವೈದ್ಯರಿಗೆ ಇದನ್ನೂ ಕಣ್ಣು ಮುಚ್ಚಿದಾಗ ವಾಲುವುದನ್ನೂ ಬೆರೆಸದೆ ಬೇರೆ ಬೇರೆಯಾಗಿ ಹೇಳಿ.