ಸಮ್ಮೇಳನದಲ್ಲಿ ಕಂಡ ಸಮಕಾಲೀನ ಆರಾಧನೆ: ಸಭೆಗೆ ಎಷ್ಟನ್ನು ತರಬಹುದು?

ಪ್ರಶ್ನೆ (ಸಭಾಪಾಲಕ):
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಇತ್ತೀಚೆಗೆ ಸಭಾಪಾಲಕರ ಸಮ್ಮೇಳನವೊಂದರಲ್ಲಿ ಭಾಗವಹಿಸಿದ್ದೆ. ಅಲ್ಲಿನ ಪ್ರಸಂಗಗಳು ಗಟ್ಟಿಯಾಗಿದ್ದವು. ಅವುಗಳ ಬಗ್ಗೆ ತಕರಾರಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಹಾಡಿನ ವೇಳೆ. ಸಭಾಂಗಣದ ದೀಪಗಳನ್ನು ಆರಿಸಿ, ವೇದಿಕೆಯನ್ನಷ್ಟೇ ಬೆಳಗಿಸಿ, ಡ್ರಮ್ಸ್ ಮತ್ತು ಗಿಟಾರ್‌ಗಳೊಂದಿಗೆ ಹಾಡು ಆರಂಭವಾದಾಗ ಪಕ್ಕದವರ ದನಿ ಹಾಗಿರಲಿ, ನನ್ನ ದನಿಯೇ ನನಗೆ ಕೇಳಿಸಲಿಲ್ಲ. ಎರಡನೆಯ ಹಾಡಿನ ಹೊತ್ತಿಗೆ ಸುತ್ತಲಿನ ಹಲವರು ಹಾಡುವುದನ್ನು ಬಿಟ್ಟು ನೋಡುತ್ತ ನಿಂತಿದ್ದರು. ಆದರೂ ಕೆಲವರು ಕಣ್ಣೀರಿಟ್ಟು ಪ್ರಾರ್ಥಿಸುತ್ತಿದ್ದುದರಿಂದ ಎಲ್ಲವನ್ನೂ ಬರೀ ಪ್ರದರ್ಶನವೆಂದು ತಳ್ಳಿಹಾಕಲು ಮನಸ್ಸೊಪ್ಪುತ್ತಿಲ್ಲ. ಜೊತೆಗೆ ಬಂದಿದ್ದ ಯೌವನಸ್ಥರು ಇದೇ ಮಾದರಿ ನಮ್ಮಲ್ಲೂ ಬರಲಿ ಎನ್ನುತ್ತಿದ್ದಾರೆ. ಬೈಬಲಿನ ಕೊಲೊಸ್ಸೆ ಪತ್ರಿಕೆಯ 3:16ರಲ್ಲಿ ಅಪೊಸ್ತಲ ಪೌಲನು ಹಾಡನ್ನು ವಿಶ್ವಾಸಿಗಳು ಒಬ್ಬರಿಗೊಬ್ಬರು ಉಪದೇಶಿಸುವ ಸಾಧನವಾಗಿ ಕಾಣುತ್ತಾನೆ. ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸದ ಕಡೆ ಅದು ಹೇಗೆ ನೆರವೇರೀತು?

ಉತ್ತರ 1:
ಪಾಸ್ಟರ್ ಅವರೇ, ಹೊಸತೆಂಬ ಕಾರಣಕ್ಕೇ ಅಂಜಬೇಕಿಲ್ಲ. 1707ರಲ್ಲಿ ಐಸಾಕ್ ವಾಟ್ಸ್ ತಮ್ಮ ಗೀತಸಂಗ್ರಹವನ್ನು ಪ್ರಕಟಿಸಿದಾಗ ಇಂಗ್ಲೆಂಡಿನ ಬಹುಪಾಲು ಸಭೆಗಳು ಬೈಬಲಿನ ಕೀರ್ತನೆಗಳ ಪದ್ಯರೂಪಗಳನ್ನು ಮಾತ್ರ ಹಾಡುತ್ತಿದ್ದವು. ಮನುಷ್ಯರು ಕಟ್ಟಿದ ಹಾಡು ಆರಾಧನೆಗೆ ಸಲ್ಲದೆಂಬ ಆಕ್ಷೇಪವನ್ನು ಅವರ ಗೀತೆಗಳೂ ಎದುರಿಸಿದವು. ಇಂದಿನ ಶೈಲಿಯಂತೂ 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಯುವಜನರ ನಡುವೆ ಹುಟ್ಟಿದ ‘ಜೀಸಸ್ ಪೀಪಲ್’ ಎಂಬ ಕ್ರೈಸ್ತ ಚಳವಳಿಯಿಂದ ಬೆಳೆದದ್ದು, ಎಂದರೆ ಅದಕ್ಕೂ ಅರ್ಧ ಶತಮಾನ ದಾಟಿದೆ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆಂದು ದೂರುವವರು 136ನೆಯ ಕೀರ್ತನೆಯನ್ನು ತೆರೆದು ನೋಡಲಿ. ಅದರ 26 ವಚನಗಳಲ್ಲೂ ಅದೇ ಪಲ್ಲವಿಯಿದೆ.

ಉತ್ತರ 2 (ಹಾಡಿನ ತಂಡದ ಮುಂದಾಳು):
ನೀವು ಕಂಡದ್ದಕ್ಕೆ ಶ್ರುತಿಯೂ ಕಾರಣವಾಗಿರಬಹುದು. ಈ ಹಾಡುಗಳನ್ನು ಹೆಚ್ಚಾಗಿ ಎತ್ತರದ ಕಂಠದ ಗಾಯಕರು ತಮಗೊಪ್ಪುವ ಶ್ರುತಿಯಲ್ಲಿ ಧ್ವನಿಮುದ್ರಿಸಿರುತ್ತಾರೆ. ಮೊದಲ ಚರಣ ಕೆಳಸ್ಥಾಯಿಯಲ್ಲಿ ತೊದಲುವಂತೆ ಆರಂಭವಾಗಿ, ಕೊನೆಯ ಪಲ್ಲವಿ ಒಮ್ಮೆಲೇ ಮೇಲಿನ ಸ್ಥಾಯಿಗೆ ಜಿಗಿಯುತ್ತದೆ, ಮತ್ತು ಸಾಮಾನ್ಯ ಕಂಠದವರು ಬಾಯಿ ಮುಚ್ಚುವುದು ಸರಿಯಾಗಿ ಅಲ್ಲಿಯೇ. ಹಾಡನ್ನು ಎರಡು ಮೂರು ಸ್ವರ ಇಳಿಸಿ, ಜಿಗಿತವನ್ನು ಕೈಬಿಟ್ಟು, ಒಂದು ಚರಣದಲ್ಲಿ ವಾದ್ಯಗಳನ್ನೆಲ್ಲ ನಿಲ್ಲಿಸಿ ನೋಡಿ: ಸಭೆ ನಿಜಕ್ಕೂ ಹಾಡುತ್ತಿದೆಯೇ ಎಂಬುದು ಆಗ ತಿಳಿಯುತ್ತದೆ. ಹಳೆಯ ಗೀತೆಗಳಿಗೂ ಇದೇ ಪರೀಕ್ಷೆ ಮಾಡಿ. ಆರ್ಗನ್ ಕೂಡ ಸಭೆಯ ದನಿಯನ್ನು ಮುಳುಗಿಸಬಲ್ಲದು, ಆದರೆ ಅದನ್ನು ಯಾರೂ ದೂರುವುದಿಲ್ಲ!

ಉತ್ತರ 3:
ನನ್ನ ಚಿಂತೆ ಸಾಹಿತ್ಯದ್ದು. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳು, ಎಂದರೆ ದುಃಖವನ್ನು ದೇವರ ಮುಂದೆ ತೋಡಿಕೊಳ್ಳುವ ಹಾಡುಗಳು. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಸಮ್ಮೇಳನಕ್ಕೆ ಜನ ಹುರುಪಿನಿಂದ ಬರುತ್ತಾರೆ, ಆದರೆ ವಾರದ ಆರಾಧನೆಗೆ ಮೊನ್ನೆಯಷ್ಟೇ ಮಗನನ್ನು ಮಣ್ಣು ಮಾಡಿದವರೂ ಬರುತ್ತಾರೆ. ಜಯಘೋಷದ ನಾಲ್ಕು ಹಾಡುಗಳ ನಡುವೆ ಆ ತಾಯಿ ಯಾವುದನ್ನು ಹಾಡಬೇಕು?

ಸಭಾಪಾಲಕ:
ಮೂವರಿಗೂ ವಂದನೆಗಳು. ದೀಪ ಆರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಅದನ್ನು ಯೌವನಸ್ಥರಿಗೆ ನೇರವಾಗಿಯೇ ತಿಳಿಸುತ್ತೇನೆ. ಅವರು ಮೆಚ್ಚಿದ ಹಾಡುಗಳಲ್ಲಿ ಎರಡನ್ನು ಶ್ರುತಿ ಇಳಿಸಿ ಕಲಿಸೋಣವೆಂದಿದ್ದೇನೆ, ಜೊತೆಗೆ ಒಂದು ಪ್ರಲಾಪ ಕೀರ್ತನೆಯನ್ನು ರಾಗಕ್ಕೆ ಅಳವಡಿಸುವ ಕೆಲಸವನ್ನೂ ಅವರಿಗೇ ಒಪ್ಪಿಸುತ್ತೇನೆ. ಹದಿಮೂರನೆಯ ಕೀರ್ತನೆ ಚಿಕ್ಕದಾಗಿರುವುದರಿಂದ ಆರಂಭಕ್ಕೆ ಅದು ಹೊಂದೀತೇ?

ಉತ್ತರ 2 (ಹಾಡಿನ ತಂಡದ ಮುಂದಾಳು):
ಖಂಡಿತ ಹೊಂದುತ್ತದೆ. ಅದರಲ್ಲಿ ಆರೇ ವಚನಗಳಿವೆ, ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಪಲ್ಲವಿಯನ್ನು ಅಲ್ಲಿಂದಲೇ ಕಟ್ಟಲು ಹೇಳಿ.