ಅಪ್‌ಡೇಟ್: ನಾಲೆಯ ಕನಸಿಗೆ ಮದ್ದು ಸಿಕ್ಕಿತು

ಬೈಕ್ ಸಮೇತ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಮುಳುಗುವ ಕನಸು ಪದೇ ಪದೇ ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಮಂಡ್ಯದಲ್ಲೇ ಒಬ್ಬರು ಮನೋವೈದ್ಯರನ್ನು ಕಂಡೆ.

ಬೆಳಗಿನ ಜಾವವೇ ಯಾಕೆ ಬರುತ್ತೆ ಅಂದೆ. 1953ರಲ್ಲಿ ಅಸೆರಿನ್ಸ್ಕಿ, ಕ್ಲೈಟ್‌ಮನ್ ಅನ್ನೋ ವಿಜ್ಞಾನಿಗಳು ಗುರುತಿಸಿದ ರೆಮ್ ನಿದ್ದೆ (ಕಣ್ಣುಗುಡ್ಡೆ ಚಕಚಕನೆ ಓಡಾಡುವ, ಕನಸು ಹೆಚ್ಚು ಬೀಳುವ ನಿದ್ದೆ) ರಾತ್ರಿಯ ಕೊನೆಗೇ ಜಾಸ್ತಿಯಂತೆ. ಆಗ ಮೆದುಳಲ್ಲಿ ಭಯದ ಭಾಗ ಚುರುಕಾಗಿರುತ್ತೆ, ಕೈಕಾಲಿನ ಸ್ನಾಯು ಮಾತ್ರ ಸಡಿಲ.

ಕನಸಿನ ಕೊನೆಯನ್ನು ಬದಲಿಸಿ ಬರೆದು, ದಿನಾ ಹಗಲಲ್ಲಿ ಮನಸ್ಸಿನಲ್ಲೇ ಓಡಿಸಿ ನೋಡಿ ಅಂದರು. ನಾನು ಬರೆದದ್ದು ಹೀಗೆ: ಏರಿ ಮೇಲೆ ಕಬ್ಬಿನ ಗಾಡಿ ನಿಲ್ಲುತ್ತೆ, ಗಾಡಿಯವರು ಹಗ್ಗ ಎಸೆಯುತ್ತಾರೆ, ಹಿಡಿದು ಮೇಲೆ ಬರುತ್ತೇನೆ.

ಕನಸು ಪೂರ್ತಿ ನಿಂತಿಲ್ಲ. ಆದರೆ ಬೆವತು, ಕಿರುಚಿ ಏಳುವುದು ತಪ್ಪಿದೆ. ಅಮ್ಮ ದೃಷ್ಟಿಯನ್ನೂ ತೆಗೆದರು, ಬೇಡ ಅನ್ನಲಿಲ್ಲ. ಮುಂದಿನ ತಿಂಗಳು ಡಾಕ್ಟರ್ ಮತ್ತೆ ಬರಲು ಹೇಳಿದ್ದಾರೆ.